ಸಾಹೇಬರ ಸ್ನಾನದ ನೀರು

ಬೇಡವಾದ ಹಾವು, ಹಲ್ಲಿ, ಆಮೆ, ಕಪ್ಪೆಗಳನ್ನು ತಂದು ಬಿಡುವವರೆಲ್ಲ ಒಂದೇ ಶಾಲೆಯಲ್ಲಿ ಕಲಿತವರಂತೆ ಒಂದೇ ಪಾಠ ಒಪ್ಪಿಸುತ್ತಿದ್ದರು. “ನಮಗೆ ಇದು ಅಂದ್ರೆ ಜೀವ. ಆದ್ರೆ ಟೈಮ್ ಕೊಡೋಕೆ ಆಗ್ತಿಲ್ಲ. ನಿಮ್ಮ ಹತ್ರ ಜಾಗ ಇದೆ, ಇದರ ಜೊತೆಯವೂ ಇವೆ. ಇಲ್ಲೇ ಸುಖವಾಗಿರುತ್ತೆ.” ಇಷ್ಟು ಹೇಳಿ ಕಣ್ಣಂಚು ಒರೆಸಿಕೊಂಡು, ಹೊರಗೆ ಗಾಡಿ ಆಫ್ ಆಗದೆ ನಿಂತಿದೆಯೋ ಇಲ್ಲವೋ ಎಂದು ಕಿವಿಗೊಟ್ಟು ಕೇಳುತ್ತಿದ್ದರು. ಹಲ್ಲಿಯತ್ತೆ ಈ ಪಾಠವನ್ನು ಎಷ್ಟು ಸಲ ಕೇಳಿದ್ದಳೆಂದರೆ, ಅವರು ಎಲ್ಲಿ ತಡವರಿಸಿದರೂ ತಾನೇ ಎತ್ತಿಕೊಡುತ್ತಿದ್ದಳು. “ಮತ್ತೆ ಅಲರ್ಜಿ?” ಎನ್ನುತ್ತಿದ್ದಳು. “ಹೌದೌದು, ಅಲರ್ಜಿ” ಎಂದು ಅವರು ಮುಳುಗುವವರಿಗೆ ಹಗ್ಗ ಸಿಕ್ಕಂತೆ ಹಿಡಿದುಕೊಳ್ಳುತ್ತಿದ್ದರು.

ಹಲ್ಲಿಯತ್ತೆ ಎನ್ನುವುದು ಬೀದಿಯವರು ಇಟ್ಟ ಹೆಸರು. ಬೆಳಗಿನ ಹೊತ್ತು ಅವಳಿಗೆ ಕನ್ನಡಕದಂಗಡಿಯಲ್ಲಿ ಕೆಲಸ. ಗಿರಾಕಿಗಳ ಮೂಗಿನ ಅಳತೆಗೆ ಫ್ರೇಮು ಬಗ್ಗಿಸುವುದು, ಕಿವಿಯ ಹಿಂದೆ ಕಡ್ಡಿ ಸರಿಮಾಡುವುದು. ಮಧ್ಯಾಹ್ನದಿಂದ ಮುಂದೆ ಅಣ್ಣನ ಮನೆಯ ಮಹಡಿ ಮೇಲಿನ ಎರಡು ಕೋಣೆಗಳು, ಅಲ್ಲಿ ಗೋಡೆಯುದ್ದಕ್ಕೂ ಜೋಡಿಸಿದ ಗಾಜಿನ ಪೆಟ್ಟಿಗೆಗಳು, ಬಿಸಿ ದೀಪಗಳು, ಸೊಪ್ಪಿನ ವಾಸನೆ. ಆ ಪ್ರಾಣಿಗಳನ್ನು ಒಂದಷ್ಟು ದಿನ ಸಾಕಿ, ಮೈ ತುಂಬಿಕೊಂಡ ಮೇಲೆ ಒಳ್ಳೆಯ ಮನೆ ಹುಡುಕಿ ದಾಟಿಸುವುದು ಅವಳ ಕಾಯಕ. ಮದುವೆ ಯಾಕೆ ಆಗಲಿಲ್ಲ ಎಂದು ಕೇಳಿದವರಿಗೆ, “ಯಾರೂ ಪೆಟ್ಟಿಗೇಲಿ ಹಾಕ್ಕೊಂಡು ತಂದು ಬಿಡಲಿಲ್ಲ” ಎಂದು ಉತ್ತರ ಸಿದ್ಧವಿತ್ತು.

ಅವಳದೊಂದು ಕಟ್ಟುನಿಟ್ಟು ಇತ್ತು. ಪ್ರಾಣಿ ಬಿಡಲು ಬಂದವರು ಅದನ್ನು ತಾವೇ ಕೈಯಾರೆ ಎತ್ತಿ ಗಾಜಿನ ಪೆಟ್ಟಿಗೆಗೆ ಇಳಿಸಬೇಕು. ಅವಳು ಅಲ್ಲಿಯವರೆಗೆ ಕೈಕಟ್ಟಿ ನಿಂತಿರುತ್ತಾಳೆ. ಎಷ್ಟೋ ಕಾಲ ‘ಸಾಕಿದ’ ಪ್ರಾಣಿಯನ್ನು ಒಂದು ಸಲವೂ ಮುಟ್ಟಿರದ ಜನ ಆಗ ಬೆವರುತ್ತಿದ್ದರು. ಒಬ್ಬ ಹಲ್ಲಿನ ಡಾಕ್ಟರು ಹಲ್ಲಿಗೆ ಹೆದರಿ ಮೆಟ್ಟಿಲ ಮೇಲೆಯೇ ಕೂತುಬಿಟ್ಟಿದ್ದರು. ಬೆರಳುದ್ದದ ಹಸಿರು ಮರಿಯನ್ನು ಕೊಂಡಾಗ, ‘ಪೆಟ್ಟಿಗೆ ಎಷ್ಟಿರುತ್ತೋ ಅಷ್ಟೇ ಬೆಳೆಯೋದು’ ಎಂದು ಅಂಗಡಿಯವನು ಹೇಳಿದ್ದನಂತೆ. ಅಷ್ಟು ಓದಿದ ಮನುಷ್ಯ ಅದನ್ನು ನಂಬಿದ್ದರು. ಮರಿ ಪೆಟ್ಟಿಗೆಯ ಮಾತು ಕೇಳದೆ ಬೆಳೆದು, ಬಾಲ ಸೇರಿ ಸೋಫಾದಷ್ಟು ಉದ್ದವಾಗಿ, ಒಂದು ದಿನ ಟಿವಿಗೆ ಬಾಲ ಬೀಸಿತು. ಹೀಗೆ ಇಗ್ವಾನಾ ಎಂಬ ಆ ದೊಡ್ಡ ಜಾತಿಯ ಹಲ್ಲಿ ಹಲ್ಲಿಯತ್ತೆಯ ಮನೆ ಸೇರಿತು.

ಗದ್ದದ ಕೆಳಗೆ ಜೋಲುವ ಚರ್ಮ, ಅರೆಮುಚ್ಚಿದ ಕಣ್ಣು, ಯಾರು ಏನು ಹೇಳಿದರೂ ಗಂಭೀರವಾಗಿ ತಲೆಯಾಡಿಸುವ ಗತ್ತು. ಕೆಲಸ ಮಾತ್ರ ಏನೂ ಇಲ್ಲ. ಹಲ್ಲಿಯತ್ತೆ ಅದಕ್ಕೆ ‘ಸಾಹೇಬರು’ ಎಂದು ಹೆಸರಿಟ್ಟಳು. ಬೇರೆಲ್ಲ ಬಂದು ಹೋದವು. ಸಾಹೇಬರನ್ನು ಮಾತ್ರ ಯಾರಿಗೂ ಕೊಡಲು ಮನಸ್ಸು ಬರಲಿಲ್ಲ. ದಿನಾ ಸಂಜೆ ಬಕೆಟ್ಟಿನಲ್ಲಿ ಉಗುರುಬೆಚ್ಚಗಿನ ನೀರು ಹೊತ್ತು ಮೇಲೇರಿ, ದೊಡ್ಡ ಟಬ್ಬಿಗೆ ಸುರಿದು, ಸಾಹೇಬರನ್ನು ಅದರಲ್ಲಿ ಕೂರಿಸಿ ಬೆನ್ನಿಗೆ ನೀರು ಹಾಕುತ್ತಿದ್ದಳು. ಮುಖದಲ್ಲಿ ಒಂದು ಗೆರೆ ಅಲುಗದ ಪ್ರಾಣಿಯ ಮನಸ್ಸನ್ನು ಓದುವುದು ತನಗೆ ಮಾತ್ರ ಸಿದ್ಧಿಸಿದ ವಿದ್ಯೆ ಎಂದು ಅವಳಿಗೆ ಸಣ್ಣ ಜಂಬವೂ ಇತ್ತು.

ಮನೆ ಅಣ್ಣನದು. ಅಣ್ಣ ತರಕಾರಿ ಮಂಡಿಯಲ್ಲಿ ಹರಾಜು ಕೂಗುತ್ತಿದ್ದವನು. “ಇಷ್ಟು ಸಾಕಾ, ಇನ್ನೂ ಬೇಕಾ, ಸಾಕಾ, ಬೇಕಾ” ಎಂದು ಅವನು ಶುರು ಹಚ್ಚಿದರೆ ಮಂಡಿಯ ಆಚೆ ತುದಿಯಲ್ಲಿ ಲಾರಿಯೊಳಗೆ ಮಲಗಿದವನೂ ಎದ್ದು ಕೂರಬೇಕು. ಮನೆಯಲ್ಲೂ ಅದೇ ಗಂಟಲು. “ನನ್ನ ಮನೆ ಏನು ಝೂನಾ? ಆ ಕಪ್ಪೆ ಮುಖ ನೋಡ್ಕೊಂಡು ನಾನು ಊಟ ಮಾಡ್ಬೇಕಾ?” ಎಂದು ದಿನಕ್ಕೊಮ್ಮೆ ಮಹಡಿಯತ್ತ ಕೂಗುತ್ತಿದ್ದ. ಹಲ್ಲಿಯತ್ತೆ ಸಾಹೇಬರಿಗೆ ಸೊಪ್ಪು ಹಾಕುತ್ತಿದ್ದಳೇ ಹೊರತು ಅಣ್ಣನ ಮಾತಿಗೆ ಹಾಕುತ್ತಿರಲಿಲ್ಲ. ಅವನು ಕೂಗುವುದು, ಇವಳು ಕೇಳದಿರುವುದು, ಮನೆ ಹೀಗೇ ಸುಖವಾಗಿ ನಡೆದಿತ್ತು.

ಆಮೇಲೆ ಅಣ್ಣನಿಗೆ ಪಾರ್ಶ್ವವಾಯು ಬಡಿಯಿತು. ಬಲಗೈ, ಬಲಗಾಲು ಬಿದ್ದವು. ಆ ಗಂಟಲಿನಲ್ಲಿ ಎರಡೇ ಮಾತು ಉಳಿದವು. ಒಂದು ‘ಬೇಕು’, ಇನ್ನೊಂದು ‘ಸಾಕು’. ಜೀವಮಾನವಿಡೀ ಕೂಗಿದ್ದು ಅವನ್ನೇ ತಾನೆ, ಮಿಕ್ಕ ಮಾತೆಲ್ಲ ಹರಾಜಾಗಿ ಇವೆರಡು ಮಾತ್ರ ಕೊಳ್ಳುವವರಿಲ್ಲದೆ ಉಳಿದವೇನೋ ಎಂದು ಮಂಡಿಯಿಂದ ನೋಡಲು ಬಂದವರು ಲೊಚಗುಟ್ಟಿ ಹೋದರು. ಅಣ್ಣನ ಮಂಚ ಹಜಾರಕ್ಕೆ ಬಂತು. ಅತ್ತಿಗೆ ಅವನ ಮೈ ಒರೆಸಿ, ಮಗ್ಗುಲು ಬದಲಿಸಿ, ಗಂಜಿ ಕುಡಿಸಿ, ಬಟ್ಟೆ ಒಗೆದು ಅರ್ಧವಾದಳು.

ಅಣ್ಣನ ಮಗರಾಯ ಮನೆಗಳ ಒಳಾಂಗಣ ಅಲಂಕಾರ ಮಾಡುವವನು. ಅವನ ಬಾಯಲ್ಲಿ ಕೋಣೆ, ಮೂಲೆ, ಗೋಡೆ ಎಂಬ ಮಾತೇ ಇರಲಿಲ್ಲ, ಎಲ್ಲವೂ ‘ಸ್ಪೇಸು’. ಮಹಡಿಯ ಸ್ಪೇಸು ತನ್ನ ಆಫೀಸಿಗೆ ಹೇಳಿ ಮಾಡಿಸಿದಂತಿದೆ ಎಂದು ಅವನು ಬಹಳ ದಿನದಿಂದ ಕಣ್ಣಿಟ್ಟಿದ್ದ. ಅಪ್ಪನ ಗಂಟಲಿದ್ದಾಗ ಅಪ್ಪನೇ ಕೂಗುತ್ತಿದ್ದುದರಿಂದ ಮಗ ಸುಮ್ಮನಿದ್ದ. ಈಗ ಕೂಗುವ ಸರದಿ ತನ್ನದೆಂದು ಅವನಿಗೆ ಅನಿಸಿತು.

ಒಂದು ಭಾನುವಾರ ಬೆಳಗ್ಗೆ ಹಲ್ಲಿಯತ್ತೆ ಆಮೆಯ ತಟ್ಟೆ ತೊಳೆಯಲು ಕೆಳಗಿಳಿಯುತ್ತಿದ್ದಾಗ ಹಜಾರದಲ್ಲಿ ಮಾತು ನಡೆದಿತ್ತು. ಮಗರಾಯ ಅಪ್ಪನ ಮಂಚದ ಪಕ್ಕ ಕೂತು ತಾಯಿಗೆ ಫೋನಿನಲ್ಲಿ ಏನೋ ಫೋಟೋ ತೋರಿಸುತ್ತಿದ್ದ. ಹುಲ್ಲುಹಾಸು, ಗಾಲಿಕುರ್ಚಿ, ನಗುವ ನರ್ಸುಗಳು. “ಎಷ್ಟು ಗಾಳಿ ಬೆಳಕು ನೋಡಮ್ಮ” ಎನ್ನುತ್ತಿದ್ದ. ಅತ್ತಿಗೆ ಗಂಡನ ಬಾಯಿಗೆ ಗಂಜಿ ಹಾಕುತ್ತಿದ್ದಳು. ಮೆಟ್ಟಿಲ ಮೇಲೆ ಅತ್ತೆಯನ್ನು ಕಂಡು ಮಗರಾಯ ಫೋನು ಜೇಬಿಗಿಳಿಸಿ ಮಾತು ತಿರುಗಿಸಿದ.

“ಅಪ್ಪ, ಇದು ನಿಮ್ಮ ಮನೆ, ನೀವೇ ಹೇಳಿಬಿಡಿ. ಮೇಲಿರೋವನ್ನ ಏನ್ ಮಾಡೋಣ?”

ಅಣ್ಣ ಚಮಚದಿಂದ ಮುಖ ತಿರುಗಿಸಿ, “ಸಾಕು” ಎಂದ.

“ಕೇಳಿದ್ರಲ್ಲ ಅತ್ತೆ” ಎಂದ ಮಗರಾಯ. “ಸಾಕಂತೆ. ಮುಗೀತು.”

ಹಲ್ಲಿಯತ್ತೆ ತಟ್ಟೆ ಹಿಡಿದು ಉಳಿದ ಮೆಟ್ಟಿಲು ಇಳಿದಳು. ಅವಳ ತಲೆ ಬೇಕಾದಾಗ ಚೆನ್ನಾಗಿಯೇ ಓಡುತ್ತಿತ್ತು. “ಕೇಳಿದೆ. ಸಾಕು ಅಂದ. ಅಣ್ಣ ಸಾಕು ಅಂದಮೇಲೆ ಸಾಕ್ತೀನಿ ಬಿಡು” ಎಂದಳು.

“ಅತ್ತೆ, ಸಾಕು ಅಂದ್ರೆ ಇನ್ನು ಸಾಕು ಅಂತ.”

“ಅದನ್ನೇ ನಾನೂ ಹೇಳಿದ್ದು. ಇನ್ನೂ ಸಾಕು ಅಂತ.”

ಜಗಳ ಮೂರನೆಯವರ ತನಕ ಹೋಯಿತು. ಪಕ್ಕದ ಮನೆಯಲ್ಲಿ ನಿವೃತ್ತ ಭಾಷಾ ಮೇಷ್ಟ್ರಿದ್ದರು. ಕೆಲಸದಿಂದ ಇಳಿದ ಮೇಲೆ ಯಾರೂ ಅವರನ್ನು ಏನನ್ನೂ ಕೇಳಿರಲಿಲ್ಲವಾದ್ದರಿಂದ ಅವರು ಶರ್ಟು ಬದಲಿಸಿಕೊಂಡೇ ಬಂದರು. ರೋಗಿಯ ತಲೆದೆಸೆಯಲ್ಲಿ ಕೂತು, ಈ ಪದ ಒಂದು ಕಡೆ ಪೂರ್ಣ ಕ್ರಿಯಾಪದ, ಪೋಷಿಸು ಎಂದು ಅಪ್ಪಣೆ, ಇನ್ನೊಂದು ಕಡೆ ತೃಪ್ತಿಯನ್ನೋ ಜುಗುಪ್ಸೆಯನ್ನೋ ಸೂಚಿಸುವ ಮಾತು, ಸಂದರ್ಭ ನೋಡದೆ ತೀರ್ಮಾನಿಸಕೂಡದು ಎಂದರು. ಹಾಗಾದರೆ ಸಂದರ್ಭ ಏನಿತ್ತು ಎಂದು ಕೇಳಿದರು. ಬಾಯಲ್ಲಿ ಗಂಜಿ ಇತ್ತು ಎಂದಳು ಅತ್ತಿಗೆ. ಮೇಷ್ಟ್ರು ಕನ್ನಡಕ ತೆಗೆದರು. “ಹಾಗಿದ್ರೆ ಮೂರನೇ ಅರ್ಥವೂ ಒಂದಿದೆ. ಗಂಜಿ ಸಾಕು.” ಇಷ್ಟು ಹೇಳಿ, ಕಾಫಿ ಕುಡಿದು, ಬಹಳ ಸಂತೋಷದಿಂದ ಮನೆಗೆ ಹೋದರು. ಇಷ್ಟೆಲ್ಲ ನಡೆಯುವಾಗ ಅಣ್ಣ ಒಬ್ಬೊಬ್ಬರ ಬಾಯನ್ನೂ ನೋಡುತ್ತ ಮಲಗಿದ್ದ. ಅವನನ್ನು ಯಾರೂ ಇನ್ನೊಮ್ಮೆ ಕೇಳಲಿಲ್ಲ.

ಹಲ್ಲಿಯತ್ತೆಗೆ ಒಳಗೊಳಗೇ ಗೊತ್ತಿತ್ತು. ಕಪ್ಪೆಯ ಮುಖ ಕಂಡರಾಗದ ಅಣ್ಣ ರಾತ್ರಿ ಬೆಳಗಾಗುವುದರೊಳಗೆ ಪ್ರಾಣಿದಯೆಯ ಅವತಾರವೆತ್ತಲು ಸಾಧ್ಯವಿಲ್ಲ. ಅವನು ‘ಇನ್ನು ಸಾಕು, ತೊಲಗಿಸು’ ಎಂದೇ ಹೇಳಿದ್ದಾನೆ. ಅವನ ಬಾಯಿ ಬಿದ್ದಿದ್ದರ ಲಾಭ ತಾನು ಪಡೆಯುತ್ತಿದ್ದೇನೆ ಎಂದು ನಾಚಿಕೆಯೂ ಆಯಿತು. ಆದರೆ ಸಾಹೇಬರ ಮುಖ ನೋಡಿದರೆ ಆ ನಾಚಿಕೆ ಇಳಿದುಹೋಗುತ್ತಿತ್ತು. ಈ ವಯಸ್ಸಿನಲ್ಲಿ ಸಾಹೇಬರು ಎಲ್ಲಿ ಹೋಗಬೇಕು? ಅವರಿಗೋಸ್ಕರ ಭಾಷೆ ಒಂಚೂರು ಬಗ್ಗಿದರೆ ತಪ್ಪೇನು, ಫ್ರೇಮು ಬಗ್ಗಿಸುವುದಿಲ್ಲವೇ ಎಂದುಕೊಂಡಳು. ಅಂದಿನಿಂದ ಅಣ್ಣನ ಮಂಚದ ಪಕ್ಕ ಹಾದುಹೋಗುವಾಗ ಅವಳು ಅವನ ಕಣ್ಣು ತಪ್ಪಿಸತೊಡಗಿದಳು.

ಮಗರಾಯ ಬಿಡುವ ಆಸಾಮಿಯಲ್ಲ. ಸಾಹೇಬರ ಫೋಟೋ ತೆಗೆದು, ‘ಶಾಂತ ಸ್ವಭಾವ, ಸ್ಪೇಸಿಗೆ ಜೀವಕಳೆ’ ಎಂದು ಬರೆದು ಎಲ್ಲೆಡೆ ಹರಿಯಬಿಟ್ಟ. ಮುಂದಿನ ಶನಿವಾರ ಸಾಹೇಬರನ್ನು ನೋಡಲು ಜನ ಬರುತ್ತಾರೆ, ಅದಾದ ಮೇಲೆ ಒಂದೊಂದಾಗಿ ಮಿಕ್ಕವು, ತಿಂಗಳೊಳಗೆ ಮಹಡಿ ಖಾಲಿಯಾಗಬೇಕು ಎಂದು ಅತ್ತೆಗೆ ಹೇಳಿದ. “ಒಳ್ಳೆ ಮನೇನೇ ಹುಡುಕಿದ್ದೀನಿ ಅತ್ತೆ. ನೀವು ಮಾಡೋ ಕೆಲಸಾನೇ ತಾನೆ?”

ಹಲ್ಲಿಯತ್ತೆ ಸೊಪ್ಪಿನ ಬುಟ್ಟಿ ಎತ್ತಿಕೊಂಡು ಮಹಡಿ ಹತ್ತಿದಳು.

ಶನಿವಾರ ಸಂಜೆ ಗಂಡ ಹೆಂಡತಿ ಬಂದರು. ಹೆಂಡತಿ ಸಾಹೇಬರನ್ನು ದೂರದಿಂದಲೇ ನೋಡಿ, ಅಂಗೈಯಗಲದ ಬಟ್ಟೆಯ ತುಂಡೊಂದನ್ನು ಚೀಲದಿಂದ ತೆಗೆದು ಸಾಹೇಬರ ಬೆನ್ನಿನ ನೇರಕ್ಕೆ ಹಿಡಿದಳು. ಅವರ ಮನೆಯ ಪರದೆಯದಂತೆ, ಬಣ್ಣ ಹೊಂದುತ್ತದೋ ನೋಡಲು. “ಫೋಟೋದಲ್ಲಿ ಇನ್ನೂ ಹಸಿರಾಗಿತ್ತಲ್ವಾ?” ಎಂದಳು. ಗಂಡ, “ಕಚ್ಚುತ್ತಾ?” ಎಂದ. “ಸದ್ದು ಮಾಡುತ್ತಾ? ಗಲೀಜು ಮಾಡುತ್ತಾ? ಇನ್ನೆಷ್ಟು ವರ್ಷ ಬದುಕುತ್ತೆ?”

“ನೀವೇ ಕೇಳಿ” ಎಂದಳು ಹಲ್ಲಿಯತ್ತೆ. “ಎತ್ಕೊಳ್ಳಿ. ತಗೊಂಡು ಹೋಗೋರೂ ಇಲ್ಲಿ ಕೈಯಾರೆನೇ ಎತ್ಕೋಬೇಕು.”

ಗಂಡ ಕೈ ಚಾಚಿದ. ಸಾಹೇಬರು ಎಂದಿನಂತೆ ತಲೆಯಾಡಿಸಿದರು. ಅದನ್ನು ಒಪ್ಪಿಗೆ ಎಂದು ತಿಳಿದ ಅವನು ಇನ್ನೂ ಹತ್ತಿರ ಬಂದ. ತಲೆಯಾಡಿಸಿದರೆ ‘ಇದು ನನ್ನ ಜಾಗ, ಆಚೆ ನಡಿ’ ಎಂದರ್ಥವೆಂದು ಹಲ್ಲಿಯತ್ತೆಗೆ ಗೊತ್ತಿತ್ತು, ಆದರೆ ಅವಳು ತುಟಿ ಬಿಚ್ಚಲಿಲ್ಲ. ಸಾಹೇಬರೇ ಬಾಲ ಬಿಚ್ಚಿದರು. ಮಣಿಕಟ್ಟಿಗೆ ಬಿದ್ದ ಏಟಿನ ಸದ್ದು ಕೋಣೆ ತುಂಬಿತು. ಆ ದಂಪತಿ ಇಳಿದುಹೋದ ವೇಗಕ್ಕೆ ಪರದೆಯ ತುಂಡು ಮೆಟ್ಟಿಲ ಮೇಲೆಯೇ ಉಳಿಯಿತು.

ಹಲ್ಲಿಯತ್ತೆಗೆ ಬಹಳ ದಿನಗಳ ನಂತರ ಜೀವ ಹಗುರವಾಯಿತು. ಕೆಳಗಿನ ಬಚ್ಚಲಿಗೆ ಹೋಗಿ ಸಾಹೇಬರ ಸ್ನಾನಕ್ಕೆ ಬಕೆಟ್ಟು ತುಂಬಿಸಿಕೊಂಡು, ಮೊಣಕೈ ಅದ್ದಿ ಬಿಸಿ ನೋಡಿ, ಹಾಡಿಕೊಳ್ಳುತ್ತ ಹಜಾರಕ್ಕೆ ಬಂದಳು. ಮೆಟ್ಟಿಲ ಬುಡದಲ್ಲಿ ಅವಳ ಕಾಲು ನಿಂತಿತು.

ಹೊರಗೆ ಆಫ್ ಆಗದ ವ್ಯಾನೊಂದರ ಸದ್ದು ಕೇಳುತ್ತಿತ್ತು. ಬಿಳಿ ಅಂಗಿಯ ಒಬ್ಬ ಮನುಷ್ಯ ಅಣ್ಣನ ಮಂಚದ ಸುತ್ತ ಒಂದು ಸುತ್ತು ಬಂದು, “ಕಚ್ತಾರಾ?” ಎಂದು ಕೇಳುತ್ತಿದ್ದ. “ಕೆಲವರು ಕಚ್ತಾರೆ, ಅದಕ್ಕೆ ಕೇಳಿದ್ದು. ಕೂಗಾಡ್ತಾರಾ? ಗಲೀಜು?”

“ಇಲ್ಲ ಇಲ್ಲ, ಶಾಂತ ಸ್ವಭಾವ” ಎಂದ ಮಗರಾಯ. ಅವನ ಕಣ್ಣಂಚು ನಿಜಕ್ಕೂ ಒದ್ದೆಯಾಗಿತ್ತು. “ನಂಗೆ ಅಪ್ಪ ಅಂದ್ರೆ ಜೀವ ಸಾರ್. ಆದ್ರೆ ಟೈಮ್ ಕೊಡೋಕೆ ಆಗ್ತಿಲ್ಲ. ನಿಮ್ಮ ಹತ್ರ ಜಾಗ ಇದೆ, ಇವರ ಜೊತೆಯವರೂ ಇದಾರೆ. ಅಲ್ಲಾದ್ರೆ ಸುಖವಾಗಿ…” ಇಲ್ಲಿ ಅವನು ತಡವರಿಸಿದ.

“ಮತ್ತೆ ಅಲರ್ಜಿ?” ಎಂದಳು ಹಲ್ಲಿಯತ್ತೆ. ಅವಳು ಅನ್ನಬೇಕೆಂದು ಅಂದದ್ದಲ್ಲ. ನಾಲಿಗೆಗೆ ಅಭ್ಯಾಸವಾಗಿಬಿಟ್ಟಿತ್ತು.

“ಹೌದೌದು” ಎಂದುಬಿಟ್ಟ ಮಗರಾಯ. ಅಂದ ಮೇಲೆ ತಿರುಗಿ ನೋಡಿದ, ಮುಖ ಕಪ್ಪಿಟ್ಟಿತು. “ಅತ್ತೆ, ನಿಮಗೆ ಇದೆಲ್ಲ ಅರ್ಥ ಆಗಲ್ಲ. ಅಮ್ಮನ ಸ್ಥಿತಿ ನೋಡಿ. ಅವಳಿಂದ ಇನ್ನು ಆಗಲ್ಲ.”

ಅತ್ತಿಗೆ ಗೋಡೆಗೊರಗಿ ನಿಂತಿದ್ದಳು.

“ಆಯ್ತು” ಎಂದಳು ಹಲ್ಲಿಯತ್ತೆ, ಬಕೆಟ್ಟು ಕೆಳಗಿಟ್ಟು ಕೈಕಟ್ಟಿ. ಅವಳ ಧ್ವನಿ ತಣ್ಣಗಿತ್ತು. “ನಮ್ಮ ಮನೇಲಿ ಒಂದು ಕಟ್ಟುನಿಟ್ಟಿದೆ. ಬಿಡೋರೇ ಎತ್ತಬೇಕು. ನೀನೇ ಎತ್ತಿ ವ್ಯಾನಿಗೆ ಕೂರಿಸು. ಇವರು ಮುಟ್ಟೋ ಹಾಗಿಲ್ಲ.”

ಬಿಳಿ ಅಂಗಿಯವನಿಗೆ ಕೆಲಸ ಕಡಿಮೆಯಾದದ್ದೇ ಸಂತೋಷ, ಪಕ್ಕಕ್ಕೆ ಸರಿದ. ಮಗರಾಯ ಮಂಚದ ಬಳಿ ಹೋದ. ಅಪ್ಪ ಮಲಗಿದಂದಿನಿಂದ ಅವನು ಫಿಜಿಯೋಥೆರಪಿಸ್ಟನ್ನು ಗೊತ್ತುಮಾಡಿದ್ದ, ಒಳ್ಳೆಯ ಹಾಸಿಗೆ ತರಿಸಿದ್ದ, ಗೋಡೆಗೆ ಮನಸ್ಸಿಗೆ ಹಿತವಾದ ಬಣ್ಣ ಬಳಿಸಿದ್ದ. ಮೈ ಮಾತ್ರ ಮುಟ್ಟಿರಲಿಲ್ಲ. ಈಗ ಎಲ್ಲಿ ಹಿಡಿಯಬೇಕೆಂದು ತಿಳಿಯದೆ, ಸೋಫಾ ಎತ್ತುವವನಂತೆ ಒಮ್ಮೆ ಆ ಕಡೆ, ಒಮ್ಮೆ ಈ ಕಡೆ ನೋಡಿದ. ಕೊನೆಗೆ ಒಂದು ಕೈ ಬೆನ್ನಿನ ಅಡಿಗೆ, ಇನ್ನೊಂದು ಮೊಣಕಾಲಿನ ಅಡಿಗೆ ತೂರಿಸಿ ಬಗ್ಗಿದ. ಬಗ್ಗಿದ್ದೇ ತಡ, ಅಣ್ಣನ ಎಡಗೈ ಎದ್ದು ಅವನ ಕುತ್ತಿಗೆಯನ್ನು ಬಳಸಿ ಹಿಡಿಯಿತು. ಮಂಡಿಯಲ್ಲಿ ಮೂಟೆಗಳನ್ನು ಎಳೆದ ಕೈ ಅದು. ಮಗರಾಯ ನೆಟ್ಟಗಾಗಲು ನೋಡಿದ, ಆಗಲಿಲ್ಲ.

“ಸಾಕು” ಎಂದ ಅಣ್ಣ.

“ನೋಡಿ, ಅಪ್ಪಂಗೂ ಸಾಕಾಗಿದೆ” ಎಂದ ಮಗರಾಯ, ಬಗ್ಗಿಕೊಂಡೇ.

ಅಣ್ಣನ ಬಾಯಿ ಸೊಟ್ಟಗಾಗಿ ಇನ್ನೇನನ್ನೋ ಹುಡುಕಿತು. ಗಂಟಲ ನರ ಉಬ್ಬಿತು. “ಬೇಕು” ಎಂದ. ಆಮೇಲೆ ಮತ್ತೆ, “ಸಾಕು. ಬೇಕು.”

“ಪಾಪ, ಗೊಂದಲ ಅವರಿಗೆ. ಸಾಕು ಅಂತಾರೆ, ಬೇಕು ಅಂತಾರೆ” ಎಂದ ಬಿಳಿ ಅಂಗಿಯವನು. “ನಮ್ಮಲ್ಲಿ ಇಂಥವರು ಬಹಳ ಜನ ಇದಾರೆ.”

ಅಣ್ಣ ಕಣ್ಣು ಮುಚ್ಚಿ, ಎರಡು ಮಾತನ್ನೂ ಹತ್ತಿರ ಹತ್ತಿರ ತಂದ. ನಡುವೆ ಉಸಿರು ಬಿಡಲಿಲ್ಲ.

“ಸಾಕ್‌ಬೇಕು.”

ಸಾಕಬೇಕು. ಗೆದ್ದೆ ಎಂದು ಒಂದು ಕ್ಷಣ, ಒಂದೇ ಕ್ಷಣ, ಹಲ್ಲಿಯತ್ತೆಯ ಬುದ್ಧಿ ಮಹಡಿಗೆ ಓಡಿತು. ಬಾಯಿ ತೆರೆದು, ಕೇಳಿದ್ಯೇನೋ ಎನ್ನಬೇಕು, ಅಷ್ಟರಲ್ಲಿ ಅಣ್ಣನ ಕಣ್ಣು ಕಂಡಳು. ಅವು ಮಹಡಿಯ ಕಡೆ ನೋಡುತ್ತಿರಲಿಲ್ಲ. ಮಗನ ಕಿವಿಯ ಪಕ್ಕದಿಂದ ನೇರವಾಗಿ ಅವಳನ್ನೇ ನೋಡುತ್ತಿದ್ದವು. ಆ ಭಾನುವಾರದ ಫೋನು, ಹುಲ್ಲುಹಾಸು, ಗಾಲಿಕುರ್ಚಿ ಅವಳ ನೆನಪಿಗೆ ಬಂದವು. ಅವತ್ತೂ ಅಣ್ಣ ಗಂಜಿಯ ಮಾತಾಡಿರಲಿಲ್ಲ, ಹಲ್ಲಿ ಕಪ್ಪೆಗಳ ಮಾತಾಡಿರಲಿಲ್ಲ. ತನ್ನನ್ನೇ ಎಲ್ಲಿ ಬಿಡುವುದೆಂದು ತನ್ನ ತಲೆಯ ಮೇಲೆಯೇ ನಡೆದಿದ್ದ ಮಾತಿಗೆ ಅವನು ಉತ್ತರ ಕೊಟ್ಟಿದ್ದ. ನನ್ನನ್ನು ಸಾಕು ಎಂದಿದ್ದ. ಆ ಒಂದು ಮಾತನ್ನು ಮಗ ಒಂದು ಕಡೆ, ತಂಗಿ ಒಂದು ಕಡೆ ಹಿಡಿದು ಎಳೆದಾಡಿ, ಸಾಲದ್ದಕ್ಕೆ ಮೇಷ್ಟ್ರನ್ನು ಕರೆಸಿ ಕಾಫಿ ಕೊಟ್ಟಿದ್ದರು. ಹಲ್ಲಿಯ ಮನಸ್ಸು ಓದುವ ತನ್ನ ವಿದ್ಯೆಗೆ ಬೆಂಕಿ ಬೀಳಲಿ ಎಂದುಕೊಂಡಳು.

“ಕೇಳಿಸ್ತಾ?” ಎಂದಳು ಕೊನೆಗೆ. “ತನ್ನನ್ನ ಸಾಕ್ಬೇಕಂತೆ.”

“ಯಾರು ಸಾಕ್ಬೇಕು?”

ಕೇಳಿದ್ದು ಅತ್ತಿಗೆ. ಗೋಡೆ ಬಿಟ್ಟು ಮುಂದೆ ಬಂದಿದ್ದಳು. “ಹೇಳು, ಯಾರು? ಇವನಂತೂ ಮುಟ್ಟಲ್ಲ. ನೀನು? ಮೇಲೆ ಆ ಹಲ್ಲಿಗೆ ದಿನಾ ತಪ್ಪದೆ ಬಿಸಿನೀರು ಹೊತ್ತು ಹಾಕ್ತೀಯ. ಈ ಮಂಚದ ಪಕ್ಕದಲ್ಲೇ ಹಾದು ಹೋಗ್ತೀಯ. ನಿಮ್ಮಣ್ಣಂಗೆ ಒಂದು ದಿನ ಒಂದು ಚೊಂಬು ನೀರು ಹಾಕಿದೀಯಾ?”

ಹಲ್ಲಿಯತ್ತೆ ಬಕೆಟ್ಟಿನ ಕಡೆ ನೋಡಿದಳು. ಊರವರನ್ನೆಲ್ಲ ಕೈಕಟ್ಟಿ ನಿಂತು ನೋಡಿ ನಕ್ಕವಳು ಅವಳು. ತನ್ನ ಕೈ ಇನ್ನೂ ಕಟ್ಟಿಕೊಂಡೇ ಇದೆಯೆಂದು ಆಗ ಗಮನಿಸಿ ಬಿಡಿಸಿದಳು.

“ಇಲ್ಲ ಅತ್ತಿಗೆ, ಹಾಕಿಲ್ಲ” ಎಂದಳು.

ಆಮೇಲೆ ಮಗರಾಯನ ಕಡೆ ತಿರುಗಿದಳು. ಅವನು ಇನ್ನೂ ಬಗ್ಗಿಯೇ ಇದ್ದ, ಅಪ್ಪನ ಹಿಡಿತ ಸಡಿಲಾಗಿರಲಿಲ್ಲ. “ಮಹಡಿಯ ದೊಡ್ಡ ರೂಮು ತಗೋ. ಇನ್ನು ಮೇಲೆ ಹೊಸಬರನ್ನ ಸೇರಿಸ್ಕೊಳ್ಳಲ್ಲ, ಇರೋವಕ್ಕೆ ಮನೆ ಹುಡುಕ್ತೀನಿ. ಅಂಗಡಿಯಿಂದ ಬಂದಮೇಲೆ ಅಣ್ಣ ನನ್ನ ಪಾಲು, ಅತ್ತಿಗೆ ಮಲಗಲಿ. ಎತ್ತಿ ಇಳಿಸೋದು ಮಾತ್ರ ನಿಂದು, ನಂಗೆ ಅಷ್ಟು ಶಕ್ತಿ ಇಲ್ಲ. ಈಗ ಹೇಗೂ ಬಗ್ಗಿದೀಯಲ್ಲ, ಎತ್ತು. ಬಚ್ಚಲಿಗೆ.”

ದೊಡ್ಡ ರೂಮು ಎಂಬ ಮಾತು ಕಿವಿಗೆ ಬಿದ್ದದ್ದಕ್ಕೋ, ಅಪ್ಪನ ಉಸಿರು ಕಿವಿಗೆ ತಾಗಿದ್ದಕ್ಕೋ, ಮಗರಾಯ ಎತ್ತಿದ. ಎರಡು ಹೆಜ್ಜೆಗೆ ಅವನ ಸೊಂಟ ಉಳುಕಿ, “ಅಮ್ಮಾ” ಎಂದ. ಆದರೂ ಬಚ್ಚಲ ಕುರ್ಚಿಯ ತನಕ ಬಿಡಲಿಲ್ಲ, ಅಥವಾ ಅಪ್ಪ ಬಿಡಲಿಲ್ಲ. ಬಿಳಿ ಅಂಗಿಯವನು, “ಹಾಗಾದ್ರೆ ಆಮೇಲೆ ಬರ್ಲಾ?” ಎಂದು ಅವರಿವರನ್ನು ಕೇಳಿ, ಯಾರೂ ಉತ್ತರಿಸದಿದ್ದಾಗ ಮೆಟ್ಟಿಲ ಬಳಿ ಬಿದ್ದಿದ್ದ ಪರದೆಯ ತುಂಡಿಗೆ ಷೂ ಒರೆಸಿಕೊಂಡು ಹೋದ. ಅತ್ತಿಗೆ ಖಾಲಿಯಾದ ಮಂಚದ ಅಂಚಿನಲ್ಲಿ ಕೂತಳು, ಕೂತಲ್ಲೇ ತೂಕಡಿಸಿದಳು.

ಮೇಲಿನಿಂದ ಗಾಜಿಗೆ ಬಾಲ ಬಡಿಯುವ ಸದ್ದು ಬರುತ್ತಿತ್ತು. ಸ್ನಾನದ ಹೊತ್ತು ಮೀರಿದ್ದಕ್ಕೆ ಸಾಹೇಬರು ಗರಂ ಆಗಿದ್ದರು. ಹಲ್ಲಿಯತ್ತೆ ಆ ಕಡೆ ಕಿವಿಗೊಡಲಿಲ್ಲ. ಸಾಹೇಬರ ನೀರಿಗೇ ಮೊಣಕೈ ಅದ್ದಿ ನೋಡಿ, ಚೊಂಬು ತುಂಬಿ, ಅಣ್ಣನ ಬೆನ್ನಿಗೆ ನಿಧಾನವಾಗಿ ಹಾಕಿದಳು. ಬೆನ್ನು ಎಷ್ಟು ಸಣ್ಣಗಾಗಿದೆ ಎಂದು ಅವಳಿಗೆ ಅಳು ಬಂತು. ಅತ್ತಳು, ಅಳುತ್ತಲೇ ಉಜ್ಜಿದಳು.

“ಸಾಕು” ಎಂದ ಅಣ್ಣ.

ಈ ಸಲ ಅವಳು ಅರ್ಥ ಹುಡುಕಲು ಹೋಗಲಿಲ್ಲ. ಚೊಂಬು ತಡೆದು ಹಿಡಿದು, ಬಗ್ಗಿ ಅವನ ಮುಖ ನೋಡಿದಳು. “ಸಾಕಾ ಅಣ್ಣ? ಇನ್ನೂ ಬೇಕಾ?”

ಹರಾಜಿನ ಹಳೆಯ ಕೂಗು ಕೇಳಿದವನಂತೆ ಅಣ್ಣನ ಎಡಗಡೆಯ ತುಟಿ ಮೇಲೇರಿತು.

“ಬೇಕು” ಎಂದ.

ಅವಳು ಇನ್ನೊಂದು ಚೊಂಬು ಹಾಕಿದಳು.